ಅಲ್ಲಾಡಿಸಿ ನೋಡುವ ಚಟ

ನಮ್ಮ ದೊಡ್ಡಪ್ಪನಿಗೆ ಬೀಡಿ, ಎಲೆಅಡಿಕೆ, ಇಸ್ಪೀಟು ಯಾವ ಚಟವೂ ಇಲ್ಲ. ಈ ಮಾತನ್ನು ಅವರೇ ವರ್ಷಕ್ಕೆ ನಾಲ್ಕು ಸಲವಾದರೂ, ಅದರಲ್ಲೂ ಹೊಸ ನೆಂಟರು ಬಂದಾಗ, ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ಏಣಿ ಹತ್ತುತ್ತಾರೆ. ಅಟ್ಟದ ಮೇಲಿನ ರಾಶಿಯಿಂದ ಒಂದು ತೆಂಗಿನಕಾಯಿ ಎತ್ತಿ, ಬಲಗಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುತ್ತಾರೆ. ಒಳಗೆ ನೀರು ಗುಳುಕ್ ಎಂದರೆ ಮುಖ ಸಪ್ಪಗಾಗುತ್ತದೆ. ಆ ಕಾಯಿ ಬಿಟ್ಟು ಇನ್ನೊಂದು. ಅದೂ ಗುಳುಕ್. ಮೂರನೆಯದು. ಆಮೇಲೆ ಇಳಿದು ಬಂದು, ದೊಡ್ಡಮ್ಮ ಕೊಟ್ಟ ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಸಿಡುಕುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗಾಗಿ ಎರಡು ಮಾತು. ನಮ್ಮದು ಉಂಡೆ ಕೊಬ್ಬರಿಯ ಸೀಮೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹತ್ತು ಹನ್ನೆರಡು ತಿಂಗಳು ಅದರ ಪಾಡಿಗೆ ಅದು ಕೂರಬೇಕು. ನೀರು ತಾನಾಗಿ ಇಂಗುತ್ತದೆ, ತಿರುಳು ತಾನಾಗಿ ಚಿಪ್ಪನ್ನು ಬಿಡುತ್ತದೆ. ಆಗ ಅಲ್ಲಾಡಿಸಿದರೆ ಒಳಗಿಂದ ಗಡಗಡ ಸದ್ದು ಬರುತ್ತದೆ. ಅದೇ ಗಿಟಕು. ಚಿಪ್ಪಿಗೂ ತಿರುಳಿಗೂ ಋಣ ಹರಿಯುವುದನ್ನು ವೇದಾಂತಿಗಳು ದೇಹಕ್ಕೂ ಆತ್ಮಕ್ಕೂ ಉಪಮೆಯಾಗಿ ಬಳಸುತ್ತಾರೆ. ನಮ್ಮೂರಲ್ಲಿ ಅದು ಹೊಟ್ಟೆಪಾಡು.

ಅದಕ್ಕೂ ಮೊದಲು ಹೊಂಬಾಳೆ ಒಡೆದು ಕಾಯಿ ಬಲಿಯುವುದಕ್ಕೆ ಒಂದು ವರ್ಷ ಹಿಡಿದಿರುತ್ತದೆ. ಅಂದರೆ ಇವತ್ತು ಮಾರುಕಟ್ಟೆಗೆ ಹೋಗುವ ಕೊಬ್ಬರಿ ಎರಡು ವರ್ಷದ ಹಿಂದಿನ ಹೂವು. ಸಸಿ ನೆಟ್ಟು ಆರೇಳು ವರ್ಷ ಕಾದದ್ದು ಬೇರೆ. ಇಷ್ಟು ತಾಳ್ಮೆಯ ಬೆಳೆ ಬೆಳೆಯುವವರು ಭೂಮಿ ಮೇಲೆಲ್ಲ ಹುಡುಕಿದರೂ ಕಡಿಮೆಯೇ ಸಿಕ್ಕಾರು. ಆದರೂ ಹರಾಜಿನ ದಿನ ಮಧ್ಯಾಹ್ನ ರೇಟು ಗೊತ್ತಾಗುವುದು ಅರ್ಧ ಗಂಟೆ ತಡವಾದರೆ ನಮ್ಮವರಿಗೆ ಅನ್ನ ಸೇರುವುದಿಲ್ಲ. ಎರಡು ವರ್ಷ ಕಾದವರಿಗೆ ಅರ್ಧ ಗಂಟೆ ಕಾಯಲಾಗದಿರುವುದು ಏನು ಮಾಯೆಯೋ!

ಕಷ್ಟ ಬಂದರೆ ದುಃಖ, ಸರಿ. ಮಳೆ ಕೈಕೊಟ್ಟರೆ, ಬೋರು ಬತ್ತಿದರೆ, ಕಪ್ಪುತಲೆ ಹುಳು ಗರಿಯೆಲ್ಲ ತಿಂದು ತೋಟ ಸುಟ್ಟ ಹಾಗಾದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ನನ್ನ ಲೆಕ್ಕದಲ್ಲಿ ವರ್ಷದಲ್ಲಿ ಅಂಥ ದಿನಗಳು ಮೂವತ್ತೋ ನಲವತ್ತೋ. ಉಳಿದ ಮುನ್ನೂರು ಚಿಲ್ಲರೆ ದಿನ ನಾವು ಸಪ್ಪೆ ಮೋರೆ ಹಾಕಿಕೊಳ್ಳುವುದು ಬರೀ ಅಭ್ಯಾಸಬಲದಿಂದ, ಹಲ್ಲುಜ್ಜಿದಷ್ಟೇ ಶಿಸ್ತಾಗಿ.

ಈ ಅಭ್ಯಾಸಗಳಲ್ಲೆಲ್ಲ ಹಿರಿಯಣ್ಣ 'ತಡೆದಿದ್ರೆ' ಅನ್ನುವ ಕಾಯಿಲೆ. 2023ರಲ್ಲಿ ಕೊಬ್ಬರಿ ಕ್ವಿಂಟಲಿಗೆ 9,000 ರೂಪಾಯಿಗಿಂತ ಕೆಳಗೆ ಬಿದ್ದಿತ್ತು. ಆ ವರ್ಷದ ಬೆಂಬಲ ಬೆಲೆಯೇ 11,750. ತಿಪಟೂರಿನಲ್ಲಿ ಧರಣಿಗಳಾದವು, ದೊಡ್ಡಪ್ಪನೂ ಹೋಗಿ ಕೂತು ಬಂದರು. ವಿಚಿತ್ರವೆಂದರೆ ಆ ವರ್ಷ ಅವರು ರಾತ್ರಿ ಗೊರಕೆ ಹೊಡೆದು ಮಲಗುತ್ತಿದ್ದರು. ಊರಿಗೆಲ್ಲ ಬಂದದ್ದು ತಮಗೂ ಬಂತು ಎಂಬ ನೆಮ್ಮದಿ. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಸೇರಿಸಿದ ಪ್ರೋತ್ಸಾಹಧನ ಬೇರೆ. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್‌ಗೆ ಕೊಡಲು ದೊಡ್ಡಪ್ಪ ಹೆಸರು ನೋಂದಾಯಿಸುವುದಕ್ಕೆ ಸಾಲು ನಿಂತರು, ಮೊದಲು ಮಾಡಿದ ನೋಂದಣಿ ರದ್ದಾದಾಗ ಮತ್ತೊಮ್ಮೆ ನಿಂತರು. ಅಂತೂ ಎಂಟು ಕ್ವಿಂಟಲ್ ಕೊಟ್ಟು, ಹಣ ಖಾತೆಗೆ ಬಿದ್ದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದರು.

2025 ಬಂತು. ಕೊಬ್ಬರಿ ಎಲ್ಲರ ಎಣಿಕೆ ಮೀರಿ ಏರಿ 25,000 ದಾಟಿತು. ತಗೊಳ್ಳಿ, ಅವತ್ತಿಗೆ ದೊಡ್ಡಪ್ಪನ ನಿದ್ದೆ ಹೋಯಿತು.

"ಒಂದು ಲಕ್ಷದ ನಾಲ್ಕು ಸಾವಿರ ಹೋಯ್ತು ಕಣೋ" ಅಂದರು ನಾನು ಊರಿಗೆ ಹೋದಾಗ.

ಕಳ್ಳತನವಾಯಿತೇನೋ ಎಂದು ಗಾಬರಿಯಾದೆ. ಆಮೇಲೆ ತಿಳಿಯಿತು. ಪ್ರೋತ್ಸಾಹಧನ ಮರೆತು, ಹಳೇ ಬೆಂಬಲ ಬೆಲೆಗೂ ಹೊಸ ಬೆಲೆಗೂ ಇರುವ 13,000 ವ್ಯತ್ಯಾಸವನ್ನು ಎಂಟು ಕ್ವಿಂಟಲಿಗೆ ಗುಣಿಸಿ, ಆ ಮೊತ್ತವನ್ನು ತಮ್ಮ ಜೇಬಿನಿಂದಲೇ ಯಾರೋ ಕಿತ್ತುಕೊಂಡಂತೆ ಕೊರಗುತ್ತಿದ್ದರು. "ಇನ್ನೊಂದು ವರ್ಷ ತಡೆದಿದ್ರೆ..."

"ಒಂದು ವರ್ಷ ಇಟ್ಟಿದ್ರೆ ಕೊಬ್ಬರಿ ಕೌಟಾಗ್ತಿತ್ತಲ್ಲ ದೊಡ್ಡಪ್ಪ? ಹುಳ ಬೀಳ್ತಿತ್ತು, ತೂಕ ಕಡಿಮೆ ಆಗ್ತಿತ್ತು. ಅಲ್ಲದೆ ಆ ದುಡ್ಡಲ್ಲೇ ತಾನೇ ನೀವು ಸೊಸೈಟಿ ಸಾಲ ತೀರ್ಸಿದ್ದು?"

ಅವರು ನನ್ನನ್ನು ಕನಿಕರದಿಂದ ನೋಡಿದರು. ವ್ಯವಹಾರ ತಿಳಿಯದ ಹುಡುಗ! ನನಗೀಗ ಐವತ್ತೆರಡು. 'ತಡೆದಿದ್ರೆ' ಲೆಕ್ಕದಲ್ಲಿ ಬರುವ ಕಾಲಂ ಒಂದೇ. ಹುಳ, ಇಲಿ, ಬಡ್ಡಿ, ಸಾಲಗಾರನ ಮುಖ ಇವೆಲ್ಲ ಅದರಲ್ಲಿ ಬರುವುದಿಲ್ಲ.

ಹಾಗಾದರೆ ಮಾರದೆ ಇಟ್ಟುಕೊಂಡಿದ್ದವರು ಸುಖವಾಗಿದ್ದರೇ ಎಂದು ನೋಡಲು ಪಕ್ಕದ ಮನೆಯವರ ಹತ್ತಿರ ಹೋದೆ. ಅವರ ಅಟ್ಟ ತುಂಬಿತ್ತು, ಮುಖ ಖಾಲಿಯಾಗಿತ್ತು. ಈಗ ಮಾರಿದರೆ ನಾಳೆ ಏರೀತು, ಮಾರದಿದ್ದರೆ ನಾಳೆ ಇಳಿದೀತು, ಎರಡೂ ಆಗದಿದ್ದರೆ ರಾತ್ರಿ ಕಳ್ಳ ಬಂದಾನು. ಅಟ್ಟಕ್ಕೆ ಹೊಸ ಬೀಗ, ಅಂಗಳಕ್ಕೆ ಹೊಸ ನಾಯಿ. ನಾಯಿ ರಾತ್ರಿಯೆಲ್ಲ ಬೊಗಳುತ್ತಿತ್ತು, ಎರಡೂ ಮನೆಯವರು ಎದ್ದು ಕೂತಿರುತ್ತಿದ್ದರು: ಒಬ್ಬರು ಮಾರಿದ್ದಕ್ಕೆ, ಇನ್ನೊಬ್ಬರು ಮಾರದ್ದಕ್ಕೆ.

ಇದೇ ಚಿಂತೆಯಲ್ಲಿ ದೊಡ್ಡಪ್ಪ ಒಮ್ಮೆ ದಸರೀಘಟ್ಟಕ್ಕೂ ಹೋಗಿಬಂದರು. ತಿಪಟೂರಿನ ಹತ್ತಿರದ ಈ ಊರಿನ ಚೌಡೇಶ್ವರಿ ಅಮ್ಮನವರು ಭಕ್ತರ ಪ್ರಶ್ನೆಗೆ ಬರೆದು ಉತ್ತರ ಕೊಡುತ್ತಾರೆಂಬ ನಂಬಿಕೆ. ದೂರದೂರದಿಂದ ಜನ ಬರುತ್ತಾರೆ. ಅಮ್ಮನವರು ಏನು ಬರೆದರೆಂದು ದೊಡ್ಡಪ್ಪ ಇವತ್ತಿಗೂ ಬಾಯಿಬಿಟ್ಟಿಲ್ಲ. ದೊಡ್ಡಮ್ಮನ ಊಹೆ ಬೇರೆ: "'ಸುಮ್ನೆ ಮನೆಗೆ ಹೋಗು' ಅಂತ ಬರ್ದಿರ್ತಾಳೆ, ಇನ್ನೇನು."

ಎರಡನೆಯ ಅಭ್ಯಾಸ, ಬೇರೆಯವರ ತೋಟದ ಗೊನೆ ಎಣಿಸುವುದು. ಇದಕ್ಕೆ ನಮ್ಮ ಮೂರು ತಾಲ್ಲೂಕುಗಳು ಹೇಳಿಮಾಡಿಸಿದ ಜಾಗ. ಬದುವಿನ ಮೇಲೆ ನಿಂತರೆ ಸಾಕು, ಇಬ್ಬರ ತೋಟವೂ ಕಾಣುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ನಮ್ಮ ಭಾವನಿಗೆ ತುರುವೇಕೆರೆಯವರನ್ನು ಕಂಡರೆ ಸಂಕಟ: "ನಿಮಗೇನಪ್ಪ, ಹೇಮಾವತಿ ನಾಲೆ ಐತೆ." ತುರುವೇಕೆರೆಯ ಷಡ್ಡಕರಿಗೆ ತಿಪಟೂರಿನವರ ಮೇಲೆ: "ನಿಮಗೇನು, ಮಾರ್ಕೆಟ್ಟು ಮನೆ ಬಾಗಿಲಲ್ಲೇ." ತಿಪಟೂರಿನ ದೊಡ್ಡಪ್ಪನಿಗೆ ನನ್ನ ಮೇಲೆ: "ನಿನಗೇನಪ್ಪ, ತಿಂಗಳಾದ್ರೆ ಸಂಬಳ." ನಾನು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು, ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಕಾಯಿ ಒಡೆಯುತ್ತಾ ಈ ಮೂವರ ಮೇಲೂ ಹೊಟ್ಟೆಕಿಚ್ಚು ಪಡುತ್ತೇನೆ. ಹೀಗೆ ನಮ್ಮ ನೆಂಟಸ್ತಿಕೆಯ ಚಕ್ರ ಎಲ್ಲೂ ನಿಲ್ಲದೆ ತಿರುಗುತ್ತಿದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀನಂಶ್ರೀ ತಮ್ಮ ಪ್ರಬಂಧಗಳ ಪುಸ್ತಕಕ್ಕೆ 'ನಂಟರು' ಎಂದೇ ಹೆಸರಿಟ್ಟರು. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಅದಕ್ಕಿಂತ ಹತ್ತಿರದ ಹೆಸರು ಯಾವುದಿದ್ದೀತು!

ಭಾವನ ಜೊತೆ ಒಮ್ಮೆ ತುರುವೇಕೆರೆಯ ಗಂಗಾಧರೇಶ್ವರ ಗುಡಿಗೆ ಹೋಗಿದ್ದೆ. ಅಲ್ಲಿನ ಕರಿಕಲ್ಲಿನ ಬಸವ ನೋಡುವಂಥದು. ನಿನ್ನೆ ಎಣ್ಣೆ ಹಚ್ಚಿ ಒರೆಸಿದ ಹಾಗೆ ಮೈಯೆಲ್ಲ ಹೊಳಪು, ಕೊರಳಿನ ಗಂಟೆ ಸರಪಳಿಗಳ ಕೆತ್ತನೆ ಒಂದೊಂದೂ ಎಣಿಸುವ ಹಾಗಿದೆ. ನಾನು ಕೈಮುಗಿದು ನಿಂತಿದ್ದೆ. ಭಾವ ಪಕ್ಕದಲ್ಲಿ ನಿಟ್ಟುಸಿರು ಬಿಟ್ಟರು: "ನಮ್ಮೂರ ಬಸವಣ್ಣನಿಗೆ ಈ ಪಾಲೀಷು ಇಲ್ಲ ನೋಡು." ಊರ ದೇವರನ್ನೂ ಪಕ್ಕದೂರಿನ ದೇವರ ಜೊತೆ ತೂಗಿ ಕಡಿಮೆ ಕಂಡವರಿಗೆ ತೋಟದ ವಿಷಯದಲ್ಲಿ ಸಮಾಧಾನ ಎಲ್ಲಿಂದ ಬರಬೇಕು? ಬಿಳಿನೊಣ, ನುಸಿಗಳಿಗಾದರೋ ಈ ಭೇದಭಾವ ಇಲ್ಲ. ನಾಲೆಯವನ ತೋಟಕ್ಕೂ ಬೋರಿನವನ ತೋಟಕ್ಕೂ ಒಂದೇ ಪ್ರೀತಿ.

ಮೂರನೆಯದನ್ನು ಹೇಳುವಾಗ ನನಗೆ ನಗು ಬರುವುದಿಲ್ಲ. ನಮ್ಮ ದೊಡ್ಡಮ್ಮ ಈ ಮನೆಗೆ ಸೊಸೆಯಾಗಿ ಬಂದು ನಲವತ್ತೈದು ವರ್ಷ. ಅಷ್ಟು ವರ್ಷವೂ ಕೊಬ್ಬರಿ ಅವರ ತಲೆಯ ಮೇಲಿನ ಅಟ್ಟದಲ್ಲೇ ಇದೆ. ಆದರೆ ಒಂದೇ ಒಂದು ಗುಂಡನೆಯ, ಕಲೆಯಿಲ್ಲದ, ಪೂರ್ತಿ ಉಂಡೆಯನ್ನು ಅವರು ಒಡೆದು ತಿಂದದ್ದನ್ನು ನಾನು ಕಂಡಿಲ್ಲ. ಸುಲಿಯುವಾಗ ಚೂರಾದದ್ದು, ಒಡಕು, ಅರ್ಧ ಕೌಟಾದದ್ದು ಅಡುಗೆಮನೆಗೆ; ಒಳ್ಳೆಯದೆಲ್ಲ ಚೀಲಕ್ಕೆ. ಆ ಚೀಲ ತಿಪಟೂರಿಗೆ ಹೋಗಿ, ಅಲ್ಲಿಂದ ಲಾರಿ ಹತ್ತಿ ಉತ್ತರ ಭಾರತದ ಕಡೆ ಹೋಗುತ್ತದೆ. ಅಲ್ಲಿ ಪೂಜೆಗೆ, ಮದುವೆಗೆ, ಮಿಠಾಯಿಗೆ ನಮ್ಮ ಉಂಡೆ ಕೊಬ್ಬರಿ ಬೇಕು. ದೆಹಲಿಯ ಯಾವುದೋ ಮದುಮಗಳ ಮಡಿಲಿಗೆ ಬಿದ್ದ ಕೊಬ್ಬರಿಯ ರುಚಿ, ಅದನ್ನು ಒಂದು ವರ್ಷ ಇಲಿಯಿಂದ ಕಾಪಾಡಿದ ದೊಡ್ಡಮ್ಮನಿಗೆ ಗೊತ್ತಿಲ್ಲ.

ಕೊಬ್ಬರಿ ಒಂದೇ ಅಲ್ಲ. ಅವರ ಟ್ರಂಕಿನಲ್ಲಿ ಮಡಿಕೆ ಮುರಿಯದ ರೇಷ್ಮೆ ಸೀರೆಗಳಿವೆ, ಮೇಲೆ ನುಸಿಗುಳಿಗೆ. ಅಟ್ಟದ ಮೂಲೆಯಲ್ಲಿ ಅಂಟಿಸಿದ ಚೀಟಿ ಕೀಳದ ಸ್ಟೀಲ್ ಪಾತ್ರೆಗಳಿವೆ. ಷೋಕೇಸಿನಲ್ಲಿ 'ನೆಂಟರಿಗೆ' ಅಂತ ಇಟ್ಟ ಪಿಂಗಾಣಿ ಲೋಟಗಳಿವೆ. ನೆಂಟರು ಬಂದಾಗ ಒಡೆದಾವೆಂದು ಅವರಿಗೂ ಸ್ಟೀಲ್ ಲೋಟವೇ. ಒಳ್ಳೆಯದನ್ನು ಮುಂದಿಟ್ಟುಕೊಂಡು ಒಡಕನ್ನು ಉಣ್ಣುವುದನ್ನು ನಾವು ಸಂಸಾರದ ಜಾಣತನ ಅನ್ನುತ್ತೇವೆ. ಬಡತನ ಇದ್ದಾಗ ಅದು ಜಾಣತನವೇ ಆಗಿತ್ತು. ಬಡತನ ಹೋದ ಮೇಲೂ ಉಳಿದುಕೊಂಡಿರುವುದನ್ನು ಏನೆಂದು ಕರೆಯಬೇಕೋ.

ಹೋದ ಸಲ ಊರಿಗೆ ಹೋದಾಗ ಕೊಬ್ಬರಿ ಸುಲಿಯುವುದು ನಡೆದಿತ್ತು. ಗಂಡಾಳುಗಳು ನೆಟ್ಟ ಹಾರೆಗೆ ಕಾಯಿ ಕುಕ್ಕಿ ಸಿಪ್ಪೆ ಬಿಡಿಸುತ್ತಿದ್ದರು. ನಾಲ್ಕೈದು ಹೆಣ್ಣಾಳುಗಳು ಸಾಲಾಗಿ ಕೂತು, ಕೈಯಲ್ಲಿ ಕಾಯಿ ತಿರುಗಿಸುತ್ತ ಮಚ್ಚಿನಿಂದ ಟಕ್ ಟಕ್ ಎಂದು ಚಿಪ್ಪು ಎಬ್ಬಿಸುತ್ತಿದ್ದರು. ಏಟು ಚಿಪ್ಪಿಗೆ ಬೀಳಬೇಕು, ಒಳಗಿನ ಉಂಡೆಗೆ ತಾಗಕೂಡದು. ಅವರು ಕಣ್ಣು ಹಾಯಿಸದೆಯೇ, ಮಗಳ ಬಾಣಂತನದ ಮಾತಾಡುತ್ತಲೇ, ಇಡೀ ಉಂಡೆಗಳನ್ನು ಒಂದರ ಮೇಲೊಂದು ಗುಡ್ಡೆ ಹಾಕುತ್ತಿದ್ದರು. ಅವರ ಕೂಲಿ ಸಾವಿರ ಕಾಯಿಗೆ ಇಷ್ಟು ಅಂತ. ರೇಟು ಎಂಟು ಸಾವಿರವಾದರೂ ಇಪ್ಪತ್ತೈದು ಸಾವಿರವಾದರೂ ಅವರ ಟಕ್ ಟಕ್ ಒಂದೇ ಲಯ. ರೇಟು ಏರಿದಾಗ ಕೂಲಿ ಯಾಕೆ ಏರಲಿಲ್ಲ ಎಂದು ಅವರು ಕೇಳಬಹುದಿತ್ತು, ಕೇಳಿಯೂ ಇದ್ದರಂತೆ. ದೊಡ್ಡಪ್ಪನಿಗೆ ಅವತ್ತು ಬಲಗಿವಿಯೂ ಕೇಳಿಸಲಿಲ್ಲ.

ಅಟ್ಟದ ಇನ್ನೊಂದು ಬದಿಯಲ್ಲಿ ಈ ವರ್ಷದ ಹೊಸ ರಾಶಿ. ದೊಡ್ಡಪ್ಪ ಅಭ್ಯಾಸದಂತೆ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದರು. ಗುಳುಕ್. ಕೆಳಗಿನಿಂದ ಹಿರಿಯ ಹೆಂಗಸೊಬ್ಬಳು ಮಚ್ಚು ನಿಲ್ಲಿಸದೆ ಕೇಳಿದಳು:

"ಅಲ್ಲಾಡ್ಸಿದ್ರೆ ಬೇಗ ಒಣಗ್ತದಾ ಯಜಮಾನ್ರೇ?"

ಉಳಿದವರು ಸೆರಗು ಬಾಯಿಗೆ ಅಡ್ಡ ಹಿಡಿದರು. ದೊಡ್ಡಪ್ಪ ಕಾಯನ್ನು ಮೆಲ್ಲಗೆ, ಮಗುವನ್ನು ಮಲಗಿಸಿದ ಹಾಗೆ, ರಾಶಿಯ ಮೇಲೆ ಇಟ್ಟು ಇಳಿದು ಬಂದರು.

ಆ ಹೆಂಗಸಿನ ಮಾತು ಕೊಟ್ಟ ಧೈರ್ಯದ ಮೇಲೆ ನಾನೊಂದು ಕೆಲಸ ಮಾಡಿದೆ. ಗುಡ್ಡೆಯಲ್ಲಿದ್ದ ಎಲ್ಲಕ್ಕಿಂತ ಚೆಂದದ ಉಂಡೆ ಆರಿಸಿ ಜಗಲಿ ಕಲ್ಲಿಗೆ ಕುಕ್ಕಿದೆ. ಎರಡು ಹೋಳಾಯಿತು. ಒಳಗೆ ಹಾಲಿನಂಥ ಬಿಳುಪು, ಅಂಚಿನಲ್ಲಿ ಎಣ್ಣೆಯ ಪಸೆ. ದೊಡ್ಡಮ್ಮ "ಅಯ್ಯೋ, ಮಾರೋದಲ್ವೇನೋ!" ಎಂದು ಕೂಗಿಕೊಂಡರು. ಬೆಲ್ಲದ ಚೂರಿನ ಜೊತೆ ಒಂದು ಹೋಳು ಅವರ ಕೈಗಿಟ್ಟೆ. ಕಳ್ಳತನದ ಮಾಲು ತಿನ್ನುವವರಂತೆ ಆಚೀಚೆ ನೋಡಿ ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಧಾನವಾಯಿತು. ಏನೂ ಹೇಳಲಿಲ್ಲ. ಇನ್ನೊಂದು ಚೂರಿಗೆ ಕೈ ಚಾಚಿದರು.

ದೊಡ್ಡಪ್ಪನೂ ಒಂದು ಚೂರು ತಗೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ಅವರ ಮುಖದ ಮೇಲೆ ಒಂದು ತಿಳಿ ಹರಡಿತು. ಆಹಾ, ಗೆದ್ದೆ ಅಂದುಕೊಂಡೆ. ಕಣ್ಣು ತೆರೆದು ಕೇಳಿದರು: "ಇದು ಎಷ್ಟು ಗ್ರಾಂ ಇದ್ದೀತೋ?"

"ನೂರ ನಲವತ್ತು. ಕೇಜಿಗೆ ಇನ್ನೂರೈವತ್ತು ಅಂದ್ರೆ ಮೂವತ್ತೈದು ರೂಪಾಯಿ" ಎಂಬ ಉತ್ತರ ತಟ್ಟನೆ ಹೊರಬಂತು. ಹೇಳಿದ್ದು ನಾನೇ. ಕುಕ್ಕುವ ಮೊದಲೇ ಅಂಗೈಯಲ್ಲಿ ತೂಗಿ ನೋಡಿದ್ದೆ.