ಶೈತ್ಯಾನಿಲ ಮೀಮಾಂಸೆ: ಕಾರಿನ ಎಸಿಗೆ ಮನೆಯಲ್ಲೇ ಗ್ಯಾಸ್ ತುಂಬುವುದರ ನೆಲೆ-ಹಿನ್ನೆಲೆ (ಯಸಳೂರು ಹೋಬಳಿಯನ್ನು ಅನುಲಕ್ಷಿಸಿ)

1. ಪ್ರಸ್ತಾವನೆ

ಕನ್ನಡ ಸಂಶೋಧನಾ ಲೋಕ ಶಾಸನ, ಛಂದಸ್ಸು, ಗ್ರಾಮದೇವತೆ, ಗಾದೆ, ಒಗಟು ಎಲ್ಲವನ್ನೂ ಅರೆದು ಕುಡಿದಿದೆ. ಆದರೆ ಕಾಫಿ ಕಣದ ಮೂಲೆಯಲ್ಲಿ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಎಸಿಗೆ ತಾನೇ ಗ್ಯಾಸ್ ತುಂಬಲು ಹೊರಡುವ ಗೃಹಸ್ಥನತ್ತ ಯಾವ ವಿದ್ವಾಂಸರ ಗಮನವೂ ಹರಿಯದಿರುವುದು ವಿಷಾದದ ಸಂಗತಿ. ಆ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. 'ವಿನಮ್ರ' ಎಂಬ ಮಾತನ್ನು ಇಂಥ ಕಡೆ ಹಾಕಲೇಬೇಕಾದ್ದರಿಂದ ಹಾಕಿದೆ. ಹೆಚ್ಚಿನ ಅರ್ಥ ಹುಡುಕಬೇಕಾಗಿಲ್ಲ.

2. ಅಧ್ಯಯನದ ವ್ಯಾಪ್ತಿ ಮತ್ತು ಮಿತಿ

ಅಧ್ಯಯನದ ವ್ಯಾಪ್ತಿ ಸಕಲೇಶಪುರ ತಾಲ್ಲೂಕಿನ ಯಸಳೂರು ಹೋಬಳಿ. ಒಂದು ಕಡೆ ಕೊಡ್ಲಿಪೇಟೆ, ಶನಿವಾರಸಂತೆ. ಇನ್ನೊಂದು ಕಡೆ ಹೆತ್ತೂರು, ವನಗೂರು, ಬಿಸ್ಲೆ. ನಡುವೆ ಕಾಫಿ, ಮೆಣಸು, ಏಲಕ್ಕಿ, ಮಳೆ ಮತ್ತು ಆನೆ. ಅಧ್ಯಯನದ ಮಿತಿ: ಆನೆ ನಿಂತ ಕಡೆ ಕ್ಷೇತ್ರಕಾರ್ಯ ಮಾಡಿಲ್ಲ.

ಇಲ್ಲಿ ಒಂದು ಮೂಲಭೂತ ಆಕ್ಷೇಪ ಏಳುತ್ತದೆ. ಬೇಸಿಗೆಯ ಬೆಳಗಿನಲ್ಲೂ ಕಂಬಳಿ ಬಿಡದ ಊರಿನಲ್ಲಿ ಎಸಿಯ ಪ್ರಶ್ನೆಯೇ ಎಲ್ಲಿಂದ ಬಂತು? ಟಾರ್ಪಾಲು ಹೊದ್ದ ಜೀಪಿನಲ್ಲಿ ಮೂರು ತಲೆಮಾರು ಓಡಾಡಿದ ಮನೆಗಳಿವು. ಗಾಳಿ ಬೇಡವೆಂದರೂ ನುಗ್ಗುತ್ತಿತ್ತು. ಆಕ್ಷೇಪಕ್ಕೆ ಉತ್ತರ ಭೂಗೋಳದಲ್ಲಿದೆ. ಬಿಸ್ಲೆ ಹಾದಿಯ ಮಂಕನಹಳ್ಳಿಯಲ್ಲಿ ಒಂದು ರಿಡ್ಜ್ ಕಲ್ಲು ನೆಟ್ಟಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಭೂಗೋಳಶಾಸ್ತ್ರಜ್ಞರು ಇದನ್ನು ನೀರು ಹಂಚುವ ಗೆರೆ ಎಂದಷ್ಟೇ ಬಲ್ಲರು. ಇದು ಎಸಿ ಹಂಚುವ ಗೆರೆಯೂ ಹೌದೆಂಬುದು ನಮ್ಮ ಮೊದಲ ಪ್ರತಿಪಾದನೆ. ಗೆರೆಯ ಈಚೆ ಗುಂಡಿ ಒತ್ತಿದವನನ್ನು ಮನೆಯವರು ಬೈಯುತ್ತಾರೆ. ಗೆರೆ ದಾಟಿ ಘಾಟಿ ಇಳಿದು ಕುಕ್ಕೆ ಸುಬ್ರಹ್ಮಣ್ಯ ಮುಟ್ಟುವ ಹೊತ್ತಿಗೆ ಅದೇ ಮನೆಯವರು "ಎಸಿ ಹಾಕ್ಬಾರ್ದ, ಯಾಕಿಟ್ಟಿದೀರ ಅದನ್ನ?" ಎಂದು ಬೈಯುತ್ತಾರೆ. ಆಗ ಹಾಕಿದರೆ ಬಿಸಿಗಾಳಿ ಬರುತ್ತದೆ. ಪ್ರಸ್ತುತ ಶಾಸ್ತ್ರ ಹುಟ್ಟುವುದೇ ಆ ಕ್ಷಣದಲ್ಲಿ.

3. ಪೂರ್ವಸೂರಿಗಳು

ಇದೇ ತಾಲ್ಲೂಕಿನಲ್ಲಿ ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯಲ್ಲಿ ಸಿಡಿಮದ್ದು ಇಡುವ ನೆಲಮಾಳಿಗೆಗಳಿವೆ. ಅವುಗಳ ತಂಪನ್ನೇ ಜಗತ್ತಿನ ಎಸಿಯ ಮೂಲವೆಂದು ಸ್ಥಾಪಿಸಿಬಿಡುವ ಆಸೆಯನ್ನು ಬಹಳ ಕಷ್ಟಪಟ್ಟು ಹತ್ತಿಕ್ಕಿದ್ದೇವೆ. ದಾಖಲೆಗಳ ಪ್ರಕಾರ ಆವಿಯನ್ನು ಒತ್ತಿ ತಂಪು ತೆಗೆಯುವ ಯಂತ್ರಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ಜೇಕಬ್ ಪರ್ಕಿನ್ಸ್, 1834ರಲ್ಲಿ. ವಿಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ ಹವೆಯನ್ನು ಹದಮಾಡುವ ಯಂತ್ರ ರೂಪಿಸಿದ. ಓದುಗರು ಇಲ್ಲಿ ಒಂದು ಅಂಶವನ್ನು ಗಂಟು ಹಾಕಿಕೊಳ್ಳಬೇಕು: ಆ ಮುದ್ರಣಾಲಯದವರು ಸೆಖೆಯೆಂದು ಅಳುತ್ತಿರಲಿಲ್ಲ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅಂದರೆ ಕ್ಯಾರಿಯರ್ ಮಹಾಶಯ ಓಡಿಸಲು ಹೊರಟದ್ದು ತೇವವನ್ನು. ಇದರ ಮಹತ್ವ ಉಪಸಂಹಾರದಲ್ಲಿ ಬೆಳಕಿಗೆ ಬರಲಿದೆ.

ಕಾರ್ಖಾನೆಯಲ್ಲೇ ಎಸಿ ಕೂರಿಸಿದ ಮೊದಲ ಕಾರು ಅಮೆರಿಕದ ಪ್ಯಾಕರ್ಡ್, 1940ರ ಮಾದರಿ. ಅದರ ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಚಳಿಯಾದರೆ ಇಂಜಿನ್ ನಿಲ್ಲಿಸಿ, ಬಾನೆಟ್ ತೆಗೆದು ಬೆಲ್ಟ್ ಕಳಚಬೇಕಿತ್ತು. ಕಾರಿನ ಎಸಿಗಾಗಿ ಗೃಹಸ್ಥನು ಬಾನೆಟ್ ಎತ್ತುವ ಪರಂಪರೆಗೆ ಹೀಗೆ ದೊಡ್ಡ ಇತಿಹಾಸವಿದೆ. ಕಾರಿನ ಎಸಿಗೆ ಹಾಕುತ್ತಿದ್ದ ಆರ್-12 ಅನಿಲ ಓಜೋನ್ ಪದರವನ್ನು ತಿನ್ನುತ್ತದೆಂದು ಗೊತ್ತಾಗಿ 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದಕ್ಕೆ ಕುತ್ತು ಬಂತು. ಬದಲಿಗೆ ಬಂದದ್ದು ಆರ್-134ಎ. ಇದು ಓಜೋನಿನ ತಂಟೆಗೆ ಹೋಗುವುದಿಲ್ಲ. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1430 ಪಟ್ಟು ಬಲಶಾಲಿ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಇದನ್ನು ಹಾಕುವಂತಿಲ್ಲ. 450 ಗ್ರಾಮಿನ ಒಂದು ಕ್ಯಾನನ್ನು ಕಣದಲ್ಲಿ 'ಸುಯ್' ಅನ್ನಿಸಿಬಿಟ್ಟರೆ ಸುಮಾರು 640 ಕಿಲೊ ಡೈಆಕ್ಸೈಡ್ ಬಿಟ್ಟ ಲೆಕ್ಕ. ಯಸಳೂರಿನ ಮಾನದಲ್ಲಿ ಹೇಳುವುದಾದರೆ, 50 ಕಿಲೊದ ಸುಮಾರು 13 ಮೂಟೆ ಕಾಫಿಯ ತೂಕ.

4. ಪಂಥಗಳು

ಈ ವಿಷಯದಲ್ಲಿ ಹೋಬಳಿಯಲ್ಲಿ ಮೂರು ಪಂಥಗಳು ಪ್ರಚಲಿತವಿವೆ.

ಗಾಜಿಳಿಕೆ ಪಂಥ ಎಲ್ಲಕ್ಕಿಂತ ಪ್ರಾಚೀನ. "ಗಾಜು ಇಳ್ಸು, ದೇವ್ರು ಕೊಟ್ಟ ಗಾಳಿ ಬರ್ಲಿ" ಎಂಬುದು ಇವರ ಮಹಾವಾಕ್ಯ. ಜೂನ್ ತಿಂಗಳ ಜಡಿಮಳೆಯಲ್ಲಿ ಈ ದರ್ಶನ ಕೊಂಚ ಒದ್ದೆಯಾಗುತ್ತದೆ.

ಗ್ಯಾಸ್ ಪಂಥ ಸಂಖ್ಯೆಯಲ್ಲಿ ದೊಡ್ಡದು. ತಂಪು ಬರದಿದ್ದರೆ ಕಾರಣ ಒಂದೇ: "ಗ್ಯಾಸ್ ಹೋಗಿದೆ." ಫ್ಯೂಸ್ ಸುಟ್ಟಿದ್ದರೂ ಗ್ಯಾಸ್ ಹೋಗಿದೆ, ಫ್ಯಾನ್ ನಿಂತಿದ್ದರೂ ಗ್ಯಾಸ್ ಹೋಗಿದೆ, ಕಣದ ದೂಳು ಕ್ಯಾಬಿನ್ ಫಿಲ್ಟರಿಗೆ ಮೆತ್ತಿ ಉಸಿರುಗಟ್ಟಿಸಿದ್ದರೂ ಗ್ಯಾಸೇ ಹೋಗಿದೆ. ಇವರಲ್ಲಿ ಎರಡು ಒಳಪಂಗಡ. ಹಾಸನದ ಗ್ಯಾರೇಜಿಗೆ ಹೋಗಿ ತುಂಬಿಸುವವರು ಒಂದು. ಹಾಸನಕ್ಕೆ ಹೋದರೆ ಒಂದು ದಿನ ಹಾಳು, ಆಳುಗಳು ಕಾಯುತ್ತಾರೆಂದು ಕ್ಯಾನು, ಪೈಪು ತರಿಸಿ ಮನೆಯಲ್ಲೇ ತುಂಬುವವರು ಇನ್ನೊಂದು. ಈ ಎರಡನೆಯವರೇ ನಮ್ಮ ಅಧ್ಯಯನದ ಕೇಂದ್ರ.

ಸೋರಿಕೆ ಪಂಥ ಅಲ್ಪಸಂಖ್ಯಾತ. ಸಾಮಾನ್ಯವಾಗಿ ಗ್ರೀಸ್ ಹತ್ತಿದ ಕೈಯ, ಕಡಿಮೆ ಮಾತಿನ ಮೆಕ್ಯಾನಿಕ್ಕುಗಳು ಇದಕ್ಕೆ ಸೇರಿದವರು. ಸತ್ಯ ಇವರಲ್ಲಿದೆ. ಆದ್ದರಿಂದಲೇ ಇವರನ್ನು ಯಾರೂ ಕೇಳುವುದಿಲ್ಲ.

5. ಸೂತ್ರಗಳು ಮತ್ತು ಭಾಷ್ಯ

ಶಾಸ್ತ್ರವೆಂದ ಮೇಲೆ ಸೂತ್ರವಿರಬೇಕು. ಹಳೆಯವು ಸಿಗದ ಕಾರಣ ಸೂತ್ರಗಳನ್ನು ನಾವೇ ರಚಿಸಿ, ಅವು ಅರ್ಥವಾಗದ ಕಾರಣ ಭಾಷ್ಯವನ್ನೂ ನಾವೇ ಬರೆದಿದ್ದೇವೆ.

ಸೂತ್ರ 1: ಗ್ಯಾಸು ಸವೆಯದು, ಸೋರುವುದು.

ಭಾಷ್ಯ: ಪೆಟ್ರೋಲು ಉರಿದು ಮುಗಿಯುತ್ತದೆ. ಎಸಿ ಗ್ಯಾಸ್ ಉರಿಯುವುದಿಲ್ಲ, ಮುಗಿಯುವುದೂ ಇಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ. ಎಕ್ಸ್‌ಪ್ಯಾನ್ಷನ್ ವಾಲ್ವಿನ ಕಿರುಗಂಡಿಯಲ್ಲಿ ನುಸುಳಿ, ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಮತ್ತೆ ಕಂಪ್ರೆಸರಿಗೆ. ಸುತ್ತು ಮುಚ್ಚಿದ್ದು. ಗ್ಯಾಸ್ ಕಡಿಮೆಯಾಗಿದೆಯೆಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ತುಂಬುವುದೆಂದರೆ ಒಡೆದ ಹಂಡೆಗೆ ನೀರು ಹೊತ್ತಂತೆ. ಹುಡುಕುವ ವಿಧಾನ ಹೆಂಗಸರಿಗೆ ಆಗಲೇ ಗೊತ್ತು: ಅಡುಗೆ ಸಿಲಿಂಡರಿನ ಬಾಯಿಗೆ ಸೋಪಿನ ನೀರು ಬಳಿದು ಗುಳ್ಳೆ ನೋಡುವುದು. ಜಾಯಿಂಟಿನ ಬಳಿ ಎಣ್ಣೆಯ ಪಸೆಗೆ ದೂಳು ಅಂಟಿದ್ದರೆ ಅಲ್ಲೇ ಅನುಮಾನಿಸಬೇಕು.

ಸೂತ್ರ 2: ಮುಳ್ಳು ತೂಕವ ನುಡಿಯದು.

ಭಾಷ್ಯ: ಕ್ಯಾನಿನ ಜೊತೆ ಬರುವ ಗೇಜಿನಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿವೆ. ಇಂಜಿನ್ ನಿಂತಿರುವಾಗ, ಒಳಗೆ ಒಂದಿಷ್ಟು ದ್ರವ ಉಳಿದಿರುವ ತನಕ ಒತ್ತಡವನ್ನು ನಿರ್ಧರಿಸುವುದು ಹವೆಯ ಬಿಸಿ, ಗ್ಯಾಸ್ ಎಷ್ಟಿದೆಯೆಂಬುದಲ್ಲ. 20 ಡಿಗ್ರಿಯಲ್ಲಿ 134ಎ ಸುಮಾರು 70 ಪಿಎಸ್‌ಐ ತೋರಿಸುತ್ತದೆ, 30 ಡಿಗ್ರಿಯಲ್ಲಿ 100ರ ಹತ್ತಿರ. ಸಣ್ಣ ಕಾರಿಗೆ ಬೇಕಾದ್ದು ಕೆಲವು ನೂರು ಗ್ರಾಮ್ ಅಷ್ಟೆ. ಖಚಿತ ಅಂಕಿ ಬಾನೆಟ್ಟಿನ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. ಗ್ಯಾಸನ್ನು ತೂಗಿಯೇ ಹಾಕಬೇಕು. ಇಲ್ಲಿ ಒಂದು ವಿದ್ವತ್ ವಿವಾದವಿದೆ. ಮನೆಮನೆಯಲ್ಲಿರುವ ಕಾಫಿ ತಕ್ಕಡಿ ಸಾಕೆಂಬುದು ಒಂದು ಮತ. ಮೂಟೆ ತೂಗುವ ತಕ್ಕಡಿಗೆ 50 ಗ್ರಾಮ್ ಎಂಬುದು ಕಣ್ಣಿಗೇ ಬೀಳದು, ಏಲಕ್ಕಿ ತೂಗುವ ತಕ್ಕಡಿಯೇ ಆಗಬೇಕೆಂಬುದು ನಮ್ಮ ಮತ. ಏಲಕ್ಕಿಯ ಬೆಲೆ ಬಲ್ಲವರು ಗ್ರಾಮಿನ ಬೆಲೆಯನ್ನೂ ಬಲ್ಲರು. ಹೆಚ್ಚಾಗಿ ತುಂಬಿದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್ ನರಳುತ್ತದೆ.

ಸೂತ್ರ 3: ಬರಿದಾಗದೆ ತುಂಬಲಾಗದು.

ಭಾಷ್ಯ: ತತ್ವಶಾಸ್ತ್ರದಂತೆ ಕೇಳಿಸಿದರೂ ಇದು ವ್ಯಾಕ್ಯೂಮ್ ಪಂಪಿನ ವಿಷಯ. ಪೈಪಿನೊಳಗೆ ಗಾಳಿ ಹೊಕ್ಕಿದ್ದರೆ ಅದರ ಜೊತೆ ತೇವವೂ ಹೊಕ್ಕಿರುತ್ತದೆ. ತೇವವು ವಾಲ್ವಿನ ಕಿರುಗಂಡಿಯಲ್ಲಿ ಮಂಜುಗಟ್ಟುತ್ತದೆ, ಎಣ್ಣೆಯನ್ನು ಕೆಡಿಸುತ್ತದೆ. ಅರ್ಧ ಗಂಟೆಯಾದರೂ ಪಂಪು ಓಡಿಸಿ ಒಳಗನ್ನು ಬರಿದು ಮಾಡಿ, ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೇ ಎಂದು ನೋಡಿ ತುಂಬಬೇಕು. ಮಂಗಳೂರಿನಲ್ಲಿ ಕಲಿತು ಬಂದ ಮೆಕ್ಯಾನಿಕ್ ಘಟ್ಟದ ಮೇಲೆ ಮೊದಲ ದಿನ ಕಂಗಾಲಾಗುತ್ತಾನೆ. ಕಡಲ ಮಟ್ಟದಲ್ಲಿ 30 ಇಂಚಿನ ಹತ್ತಿರ ಹೋಗುವ ವ್ಯಾಕ್ಯೂಮ್ ಮುಳ್ಳು, 900 ಮೀಟರಿಗೂ ಮೇಲಿರುವ ಸಕಲೇಶಪುರ ಸೀಮೆಯಲ್ಲಿ 27ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಪಂಪು ಕೆಟ್ಟಿಲ್ಲ, ಮೇಲಿನ ಗಾಳಿಯೇ ತೆಳು. ಕ್ಯಾನಿನ ಗೃಹಸ್ಥನಿಗೆ ಈ ಚಿಂತೆಯಿಲ್ಲ. ಅವನ ಹತ್ತಿರ ಪಂಪೇ ಇಲ್ಲ.

ಸೂತ್ರ 4: ದಪ್ಪ ಬಾಯಿಯ ಗೊಡವೆ ಬೇಡ.

ಭಾಷ್ಯ: ತುಂಬುವ ಬಾಯಿ ಎರಡು. ಸಣ್ಣದು ಕಡಿಮೆ ಒತ್ತಡದ್ದು, ದಪ್ಪದು ಹೆಚ್ಚು ಒತ್ತಡದ್ದು. ಯಾರೂ ತಪ್ಪಬಾರದೆಂದೇ ಅಳತೆ ಬೇರೆ ಮಾಡಿದ್ದಾರೆ. ಕಪ್ಲಿಂಗ್ ಬದಲಿಸಿ ದಪ್ಪ ಬಾಯಿಗೆ ಸಿಕ್ಕಿಸುವ ಮಹಾನುಭಾವರೂ ಇದ್ದಾರೆ. ಅಲ್ಲಿನ ಒತ್ತಡ ಕ್ಯಾನಿಗೇ ತಿರುಗಿ ನುಗ್ಗಿ ಅದನ್ನು ಸಿಡಿಸಬಲ್ಲದು. ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ದ್ರವ ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ ನೆಲ ಹಿಡಿದು ಉಸಿರು ಕಟ್ಟಿಸುತ್ತದೆ. 'ಗ್ಯಾಸೆಲ್ಲ ಒಂದೇ' ಎಂಬ ಅದ್ವೈತ ಭಾವದಿಂದ ಅಡುಗೆ ಸಿಲಿಂಡರಿನ ಕಡೆ ನೋಡುವವರಿಗೆ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವಿಲ್ಲ; ಅಷ್ಟು ಹೊತ್ತು ಯಾರೂ ಉಳಿದಿರುವುದಿಲ್ಲ.

6. ಕ್ಷೇತ್ರಕಾರ್ಯ

ಮೇಲಿನ ಸೂತ್ರಗಳು ಒಂದೇ ಕಣದಲ್ಲಿ, ಒಂದೇ ಹಗಲಿನಲ್ಲಿ ಸಾಕಾರಗೊಂಡ ಪ್ರಸಂಗವೊಂದನ್ನು ಹೆಸರು ಮರೆಮಾಡಿ ದಾಖಲಿಸುತ್ತಿದ್ದೇವೆ. ಕಾಫಿಯ ಹೂಮಳೆ ಆಗಿ ಬಿಸಿಲು ಬಿದ್ದಿತ್ತು. ಬೆಂಗಳೂರಿನಿಂದ ರಜೆಗೆ ಬಂದ ಅಳಿಯ ಕ್ಯಾನು, ಪೈಪು, ನೀಲಿ ಕೈಗವಸು ಸಮೇತ ಸಜ್ಜಾಗಿದ್ದ. ಎಸಿ ಹಾಕಿದರೆ ಕಂಪ್ರೆಸರಿನಿಂದ 'ಟಕ್' ಎಂಬ ಸದ್ದೇ ಇಲ್ಲ.

"ಗ್ಯಾಸ್ ಹೋಗಿದೆ ಮಾವ. ಐದು ನಿಮಿಷದ ಕೆಲ್ಸ."

"ಐದು ನಿಮಿಷದ ಕೆಲ್ಸ ಅಂತಾನೇ ನಿಮ್ಮಪ್ಪ ಬಾವಿ ಮೋಟ್ರು ಬಿಚ್ಚಿದ್ರು ಕಣೋ. ದೀಪಾವಳಿವರ್ಗೂ ಕೊಡದಲ್ಲಿ ನೀರು ಹೊತ್ವಿ."

ಬೆಳಿಗ್ಗೆ ಪೈಪು ಸಿಕ್ಕಿಸಿದಾಗ ಮುಳ್ಳು 70 ದಾಟಿ ಕೆಂಪಿನಲ್ಲಿತ್ತು. ಅಳಿಯ ಗೊಂದಲಗೊಂಡು ತಿಂಡಿಗೆ ಹೋದ. ಮಧ್ಯಾಹ್ನ ಬಂದು ನೋಡಿದರೆ 100ರ ಹತ್ತಿರ. ಒಂದು ಗ್ರಾಮ್ ಗ್ಯಾಸೂ ಹಾಕಿರಲಿಲ್ಲ.

"ಜಾಸ್ತಿಯಾಗಿದೆ ಮಾವ. ಸ್ವಲ್ಪ ಹೊರಗೆ ಬಿಡ್ಬೇಕು."

"ಬೆಳಿಗ್ಗೆ ಖಾಲಿ ಅಂದೆ, ಈಗ ಜಾಸ್ತಿ ಅಂತೀಯ. ನೀನೇನು ತುಂಬಕ್ಕೆ ಬಂದ್ಯೋ, ಖಾಲಿ ಮಾಡಕ್ಕೆ ಬಂದ್ಯೋ?"

ಅಷ್ಟರಲ್ಲಿ ಜೀಪಿನ ಡ್ರೈವರು ಬೀಡಿ ಆರಿಸಿ ಬಾನೆಟ್ಟಿನೊಳಗೆ ಬಗ್ಗಿದರು. "ಅಣ್ಣಾ, ಈ ವೈರು ನೋಡಿ, ಇಲಿ ಕಡ್ದದೆ." ಕಂಪ್ರೆಸರಿಗೆ ಹೋಗುವ ವೈರು ತುಂಡಾಗಿ, ತಾಮ್ರದ ಎಳೆ ಹೊಳೆಯುತ್ತಿತ್ತು. ಸೇರಿಸಿ ಟೇಪು ಸುತ್ತಿದರು. 'ಟಕ್' ಅಂದಿತು. ತಂಪು ಬಂತು. ಕ್ಯಾನು ಹೊಚ್ಚ ಹೊಸದಾಗಿಯೇ ಅಟ್ಟ ಸೇರಿತು.

7. ಉಪಸಂಹಾರ

ಯಸಳೂರಿನ ಕಾರಿನಲ್ಲಿ ಗ್ಯಾಸ್ ನಿಜವಾಗಿ ಹೋಗುವುದು ಯಾಕೆ? ಕಲ್ಲು ಸಿಡಿದು ಕಂಡೆನ್ಸರಿಗೆ ತೂತು ಬೀಳಬಹುದು, ವಾಷರು ಹಳತಾಗಬಹುದು. ಆದರೆ ಊರಿಗೇ ವಿಶಿಷ್ಟವಾದ ಕಾರಣವೊಂದಿದೆ: ಇಲ್ಲಿ ಎಸಿಯನ್ನು ತಿಂಗಳುಗಟ್ಟಲೆ ಮುಟ್ಟುವುದೇ ಇಲ್ಲ. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತಬೇಕು. ಎಸಿ ಓಡದಿದ್ದರೆ ಶಾಫ್ಟಿನ ಸೀಲು ಒಣಗುತ್ತದೆ, ಒಣಗಿದ ಸೀಲಿನಲ್ಲಿ ಗ್ಯಾಸ್ ಜಾರುತ್ತದೆ. ಚಳಿಯ ಊರೆಂದು ಎಸಿ ಹಾಕದೆ ಕಾಪಾಡಿದವರ ಗ್ಯಾಸೇ ಬೇಸಿಗೆಗೆ ಕೈಕೊಡುತ್ತದೆ.

ಈಗ ಕ್ಯಾರಿಯರನ ಗಂಟು ಬಿಚ್ಚಬಹುದು. ಎಸಿ ಮೂಲತಃ ತೇವ ತೆಗೆಯುವ ಯಂತ್ರ. ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕಾರಿನಡಿ ತೊಟ್ಟಿಕ್ಕುತ್ತದೆ. ಒಣಗಿದ ಗಾಳಿ ಗಾಜಿನ ಮಬ್ಬನ್ನು ನಿಮಿಷದಲ್ಲಿ ಅಳಿಸುತ್ತದೆ. ಬಿಸ್ಲೆ ಘಾಟಿಯ ಮಳೆಯಲ್ಲಿ ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಗಾಜಿನ ಹೊರಗೆ ಹೊಗೆಸೊಪ್ಪು ಉಜ್ಜಿ ಓಡಿಸುವವರ ಕೈಗೆಟಕುವಲ್ಲೇ ಆ ಗುಂಡಿಯಿದೆ. ಆದ್ದರಿಂದ ಮಲೆನಾಡಿನಲ್ಲಿ ಎಸಿ ಬೇಸಿಗೆಯ ವಸ್ತುವಲ್ಲ, ಮಳೆಗಾಲದ ವಸ್ತು ಎಂಬುದೇ ಈ ಪ್ರಬಂಧದ ಸಿದ್ಧಾಂತ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೆ. ಮುಂಗಾರು ಹಿಡಿದ ಮೇಲೆ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ; ಚಳಿಯಾದರೆ ಜೊತೆಗೆ ಹೀಟರನ್ನೂ ತಿರುಗಿಸಿ. ತಂಪು ಬರದಿದ್ದರೆ ಮೊದಲು ಫ್ಯೂಸ್, ವೈರು, ಫ್ಯಾನು, ಫಿಲ್ಟರ್ ನೋಡಿ. ಅವೆಲ್ಲ ಸರಿಯಿದ್ದರೆ ಸೋರಿಕೆ ಹುಡುಕುವ, ವ್ಯಾಕ್ಯೂಮ್ ಪಂಪೂ ತಕ್ಕಡಿಯೂ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ, ಒಂದು ದಿನ ಹಾಳಾದರೂ ಪರವಾಗಿಲ್ಲ. ಕ್ಯಾನ್ ಆಗಲೇ ತರಿಸಿದ್ದರೆ ವಾಪಸು ಕಳಿಸಿ.