ಕೋಬಾಲ್ ಸಾರ್

ಐಟಿ ಕಂಪನಿಗಳಲ್ಲಿ ಎಂಡಿಯನ್ನೂ ಹೆಸರು ಹಿಡಿದೇ ಕರೆಯುವುದು ರೂಢಿ. ಒಬ್ಬರಿಗೆ ಮಾತ್ರ ವಿನಾಯಿತಿ. ಮೂಲೆಯ ಕ್ಯೂಬಿಕಲ್ಲಿನ ಅವರನ್ನು ಎಲ್ಲರೂ ‘ಸಾರ್’ ಅಂತಲೇ ಅನ್ನುತ್ತಾರೆ. ಶತಮಾನ ತಿರುಗಿದೊಡನೆ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆಂಬ ವೈಟುಕೆ ಭಯದಲ್ಲಿ ಜಗತ್ತೆಲ್ಲ ಬೆಂಗಳೂರಿನ ಬಾಗಿಲು ತಟ್ಟುತ್ತಿದ್ದಾಗ, ಅಂದರೆ 1998ರಲ್ಲಿ, ಕೋಬಾಲ್ ಕೋರ್ಸು ಮುಗಿಸಿ ಬಂದು ಕೂತವರು. ಆಮೇಲೆ ಕಂಪನಿಯ ಹೆಸರು ಬದಲಾಯಿತು, ಕಟ್ಟಡ ಬದಲಾಯಿತು, ಕ್ಯಾಂಟೀನಿನ ಸಾಂಬಾರು ಕೂಡ ಸುಧಾರಿಸಿತು. ಸಾರ್ ಎದುರಿನ ಕಪ್ಪು ಪರದೆ, ಅದರೊಳಗಿನ ಹಸಿರು ಅಕ್ಷರ ಹಾಗೇ ಇವೆ.

ಸಮುದ್ರದಾಚೆಯ ಒಂದು ವಿಮಾ ಕಂಪನಿಯ ಪಾಲಿಸಿಗಳ ಲೆಕ್ಕಾಚಾರವೆಲ್ಲ ಆ ಪರದೆಯ ಹಿಂದೆ. ಅದನ್ನು ಬರೆದ ಕೋಬಾಲ್ ಭಾಷೆ ಹುಟ್ಟಿದ್ದು 1959ರಲ್ಲಿ, ಸಾರ್‌ಗಿಂತಲೂ ಮೊದಲು. ಪಂಚ್ ಕಾರ್ಡಿನ ಕಾಲದ ಮಡಿ ಇನ್ನೂ ಬಿಟ್ಟಿಲ್ಲ: ಮೊದಲ 6 ಕಾಲಂ ಸಾಲಿನ ಸಂಖ್ಯೆಗೆ, 7ರಲ್ಲಿ ನಕ್ಷತ್ರ ಬಿದ್ದರೆ ಆ ಸಾಲು ಬರೀ ಕಾಮೆಂಟು, 72 ದಾಟಿದ್ದನ್ನು ಕಂಪೈಲರ್ ಕಣ್ಣೆತ್ತಿಯೂ ನೋಡುವುದಿಲ್ಲ. ಡಾಕ್ಯುಮೆಂಟೇಶನ್ ಎಲ್ಲಿದೆ ಸಾರ್ ಅಂದರೆ ಹಣೆ ಮುಟ್ಟಿ ತೋರಿಸುತ್ತಾರೆ. ಹಣೆಯಲ್ಲಿ ಹಿಡಿಸದೆ ಉಳಿದದ್ದು ಖಾಕಿ ಬೈಂಡು ಹಾಕಿದ ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿದೆ. ಅದು ಡ್ರಾಯರಿನಲ್ಲಿದೆ. ಡ್ರಾಯರಿಗೆ ಬೀಗವಿದೆ. ಯಾರಾದರೂ ಹುಡುಗರು ಒಂದು ಸಾಲು ತಿದ್ದಲು ಹೋದರೆ ಒಂದೇ ಮಾತು: “ಮುಟ್ಟಬೇಡಿ. ಓಡ್ತಾ ಇದೆ ತಾನೆ?”

ಹೀಗಿರುವಲ್ಲಿಗೆ ಎಐ ಬಂತು. ಕೋಡು ಗ್ರಾಹಕರ ಸ್ವತ್ತು, ಹೊರಗಿನ ಸರ್ವರಿಗೆ ಒಂದಕ್ಷರ ಹೋಗುವಂತಿಲ್ಲ. ಹಾಗಾಗಿ ಸೆಕ್ಯುರಿಟಿಯವರು ತಿಂಗಳುಗಟ್ಟಲೆ ಫಾರಂ ತುಂಬಿಸಿ, ಕಂಪನಿಯೊಳಗೇ ಅದನ್ನು ಪ್ರತಿಷ್ಠಾಪಿಸಿದರು. ಸಾರ್ ಮೊದಲ ವಾರ ಅತ್ತ ತಿರುಗಲಿಲ್ಲ. ಎರಡನೇ ವಾರ ಟೀ ಲೋಟ ಹಿಡಿದು, ಹೊಸದಾಗಿ ಸೇರಿದ ಹುಡುಗಿಯ ಬೆನ್ನ ಹಿಂದೆ ನಿಂತರು. ಹೆಣ್ಣು ನೋಡಲು ಬಂದ ಗಂಡನ್ನು ಮಾವನಾಗುವವರು ವಿಚಾರಿಸುವ ಹಾಗಿತ್ತು ಆ ನಿಲುವು.

“ಡಿಸ್ಟ್ ಅಂತ ಒಂದು ಫೀಲ್ಡ್ ಇದೆಯಲ್ಲ, ಏನು ಅಂತ ಕೇಳಮ್ಮ.”

ಎಐ ತಡವರಿಸಲಿಲ್ಲ. ಗ್ರಾಹಕರ ಮನೆಗೂ ಶಾಖೆಗೂ ಇರುವ ದೂರ ಎಂದಿತು. ಅದು ಡಿಸ್ಟ್ರಿಬ್ಯೂಟರ್ ಕಮಿಷನ್ನು. ಆ ಫೀಲ್ಡಿನ ವಿವರವಿದ್ದ ಕಾಪಿಬುಕ್ಕನ್ನು ಯಾರೂ ಅದಕ್ಕೆ ಕೊಟ್ಟಿರಲಿಲ್ಲ. ಕೊಡಬೇಕಾಗಿದ್ದವರು ಸಾರ್. ಅವರು ತೃಪ್ತಿಯಿಂದ ಒಂದು ಗುಟುಕು ಟೀ ಕುಡಿದರು.

ಎರಡನೇ ಪ್ರಶ್ನೆ ಘಾಟಿಯದು. ಒಂದು ‘ಇಫ್’, ಅದರಡಿ ಚೆನ್ನಾಗಿ ಒಳಗೆ ಸರಿಸಿ ಬರೆದ ಐದು ಸಾಲು. ನೋಡಿದವರಿಗೆ ಐದೂ ಆ ಷರತ್ತಿಗೆ ಸೇರಿದವು ಅನ್ನಿಸಬೇಕು. ಆದರೆ ಮೂರನೆಯ ಸಾಲಿನ ಕೊನೆಗೆ, ಇರುವೆ ಕೂಡ ಎಡವದಷ್ಟು ಸಣ್ಣ ಫುಲ್‌ಸ್ಟಾಪು. ಕೋಬಾಲಿನಲ್ಲಿ ಅಲ್ಲಿಗೆ ‘ಇಫ್’ ಮುಗಿಯಿತು. ಉಳಿದೆರಡು ಸಾಲು ಷರತ್ತಿನ ಹಂಗಿಲ್ಲದೆ ಓಡುತ್ತವೆ. ಎಷ್ಟೋ ಬ್ಯಾಚಿನ ಹುಡುಗರನ್ನು ಸಾರ್ ಕೆಡವಿದ್ದು ಇದೇ ಚುಕ್ಕೆಯಲ್ಲಿ. ಎಐ ಚುಕ್ಕೆಯನ್ನು ಹೆಕ್ಕಿ ತೋರಿಸಿತು. ಸಾರ್ ಲೋಟ ಕೆಳಗಿಟ್ಟರು.

“ಇರಲಿ. ಶಾಖೆ 47ರದ್ದು ಕೇಳು.”

‘ತಾತ್ಕಾಲಿಕವಾಗಿ ಶಾಖೆ 47 ಕೈಬಿಟ್ಟಿದೆ’ ಎಂಬ ಕಾಮೆಂಟಿದೆ, ತಾರೀಖು 2003ರದ್ದು, ಆದ್ದರಿಂದ ಈ ಭಾಗವನ್ನು ಈಗ ತೆಗೆದುಹಾಕಬಹುದು ಎಂದು ಎಐ ಸಲಹೆ ಕೊಟ್ಟಿತು.

“ಕಾಮೆಂಟ್ ನಂಬೋದಾ?” ಸಾರ್ ಹೊಟ್ಟೆ ಹಿಡಿದು ನಕ್ಕರು. “ಬರೆದವನು ನಾನೇ ಕಣಮ್ಮ!”

ಆ ಶಾಖೆಯ ಲೆಕ್ಕ ಯಾಕೆ ಬೇರೆಯೋ, ಅದನ್ನು ಒಂದು ರಾತ್ರಿ ಫೋನಿನಲ್ಲಿ ಹೇಳಿದ ಆಚೆ ದೇಶದ ಮ್ಯಾನೇಜರು ಯಾವತ್ತೋ ಕೆಲಸ ಬಿಟ್ಟಿದ್ದಾರೆ. ಫೋನಿನ ಈ ತುದಿಯಲ್ಲಿದ್ದವರು ಸಾರ್ ಒಬ್ಬರೇ. ಎಐ ಎಷ್ಟು ಸಾಲು ಓದಿದರೂ ಕಂಪನಿಯವರು ಸಾರ್‌ಗೆ ಸಂಬಳ ಕೊಡುತ್ತಲೇ ಇರಬೇಕಾದದ್ದು ಇಂಥ ಫೋನುಗಳಿಗೆ.

ಹುಡುಗಿ ಸುಮ್ಮನಿರಲಿಲ್ಲ. ಇಡೀ ಪ್ರೋಗ್ರಾಮಿನಲ್ಲಿ ಬೇರೇನಾದರೂ ತೊಂದರೆ ಇದೆಯಾ ಎಂದು ಟೈಪಿಸಿಬಿಟ್ಟಳು. ಇತ್ತು. ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟಿದ್ದರಿಂದ ವೈಟುಕೆ ಕಾಲದಲ್ಲಿ ಒಂದು ಉಪಾಯ ಮಾಡಿದ್ದರು: ಅಂಕಿ 50ಕ್ಕಿಂತ ಕಡಿಮೆ ಇದ್ದರೆ ಹಿಂದೆ 20 ಹಚ್ಚು, ಇಲ್ಲವಾದರೆ 19. ಆ ಲೆಕ್ಕದಲ್ಲಿ ಈಗ 30 ವರ್ಷದ ಪಾಲಿಸಿ ಮಾಡಿಸಿದವರಿಗೆ ದುಡ್ಡು ಕೈಸೇರಬೇಕಾದ್ದು 1950ರ ದಶಕದಲ್ಲಿ, ಅವರ ಅಪ್ಪನಿಗೆ ಇನ್ನೂ ಮೀಸೆ ಬರುವ ಮೊದಲು.

“ಇದನ್ನ ಮಾಡಿದ್ದು ಯಾರು ಸಾರ್?”

ಸಾರ್ ಪರದೆಯ ಹತ್ತಿರ ಬಗ್ಗಿ, ಕನ್ನಡಕ ಏರಿಸಿ, ಆ ಸಾಲುಗಳನ್ನು ಅಪರಿಚಿತರ ಕೈಬರಹವೆಂಬಂತೆ ನೋಡಿದರು. ಹಿಂದೆಯೇ ತಮ್ಮ ಇನಿಷಿಯಲ್ಲು ಕಂಡಿತು. “ಆಗ 2050 ತುಂಬಾ ದೂರ ಇತ್ತಮ್ಮ. ಅಷ್ಟು ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ ಅಂತ...”

ಅಷ್ಟರಲ್ಲಿ ಎಐ ಕೊನೆಯ ಸಾಲು ಸೇರಿಸಿತು: ಈ ಕೋಡನ್ನು ಬದಲಿಸುವ ಮೊದಲು ಮೂಲತಃ ಬರೆದವರನ್ನು ವಿಚಾರಿಸುವುದು ಕ್ಷೇಮ.

ಸಾರ್ ಅದರ ಪ್ರಿಂಟ್ ತೆಗೆಸಿ, ಆ ಒಂದು ಸಾಲಿಗೆ ಮಾತ್ರ ಹಳದಿ ಹೈಲೈಟರ್ ಬಳಿದು, ಈ ವರ್ಷದ ಅಪ್ರೈಸಲ್ ಫಾರಮ್ಮಿಗೆ ಲಗತ್ತಿಸಿದರು.