ಹಲ್ಲಿಗೊಂದು ಲೆಕ್ಕ

ಪರ್ತ್, ಬ್ರಿಸ್ಬೇನ್, ಅಡಿಲೇಡ್ ಎಲ್ಲೇ ಇರಲಿ, ಬೈಕಿಗೆ ಟರ್ಬೊ ಕೂರಿಸಿದವರಿಗೆ ಹಿಂದಿನ ಸ್ಪ್ರಾಕೆಟ್‌ಗೂ ಎರಡು ಹಲ್ಲು ಏರಿಸಿಬಿಡೋಣ, ಗಾಡಿ ಇನ್ನೂ ಚಿಮ್ಮಲಿ ಎನಿಸುವುದು ಸಹಜ. ಟರ್ಬೊ ಇಲ್ಲದ ಗಾಡಿಗೆ ಆ ಮದ್ದು ಸರಿಯೇ. ಆದರೆ ಟರ್ಬೊ ತಿರುಗುವುದು ಸೈಲೆನ್ಸರ್ ಕಡೆ ಹೊರಟ ಬಿಸಿ ಹೊಗೆಯಿಂದ. ಇಂಜಿನ್ ಮೇಲೆ ಭಾರ ಬಿದ್ದಷ್ಟೂ ಬೂಸ್ಟ್ ಏರುತ್ತದೆ. ಹಿಂದೆ ಹಲ್ಲು ಹೆಚ್ಚಿಸಿ ಭಾರ ಇಳಿಸಿದರೆ ಬೂಸ್ಟ್ ಮೈಮುರಿದು ಏಳುವಷ್ಟರಲ್ಲಿ ಗೇರೇ ಮುಗಿದಿರುತ್ತದೆ. ಎದ್ದರಂತೂ ಮುಂದಿನ ಚಕ್ರವೂ ಜೊತೆಗೇ ಏಳುತ್ತದೆ. ಆ ಭಂಗಿ ಕಂಡರೆ ಮೂರೂ ಊರುಗಳ ಪೊಲೀಸರು ಹೂನ್ ಕಾಯ್ದೆಯಡಿ ಗಾಡಿಯನ್ನೇ ಎತ್ತಿಕೊಂಡು ಹೋಗಬಹುದು.

ಹಾಗಾಗಿ ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಸೇರಿಸುವುದೇ ಜಾಣತನ. 1999ರ ಹಯಾಬುಸಾದ 17–40 ಜೋಡಿ 18–40 ಆದರೆ ಅನುಪಾತ 2.35ರಿಂದ 2.22ಕ್ಕೆ ಇಳಿಯುತ್ತದೆ, ಹಿಂದೆ ಎರಡು ಹಲ್ಲು ಕಿತ್ತದ್ದಕ್ಕಿಂತ ತುಸು ಹೆಚ್ಚೇ. ಸಿಗ್ನಲ್ಲಿನಲ್ಲಿ ಕ್ಲಚ್ ಸುಟ್ಟೀತು ಎನ್ನುವವರಿದ್ದಾರೆ. ಆ ಮಾತು 250 ಸಿಸಿ ಗಾಡಿಗೆ ಒಪ್ಪುತ್ತದೆ; 1300 ಸಿಸಿ ಇಂಜಿನ್ ಬೂಸ್ಟ್ ಬರುವ ಮೊದಲೇ ಸಲೀಸಾಗಿ ಎಳೆಯುತ್ತದೆ. ಪರ್ತ್–ಅಡಿಲೇಡ್ ನಡುವಿನ ಐರ್ ಹೆದ್ದಾರಿಯಲ್ಲಿ 146.6 ಕಿ.ಮೀ. ಒಂದೂ ತಿರುವಿಲ್ಲ, ಅಲ್ಲಿ ಇಂಜಿನ್ ಅರಚದೆ 110ರಲ್ಲಿ ಸಾಗುವುದೇ ಸುಖ. ಒಪ್ಪಬೇಕಾದ ತಕರಾರು ಒಂದೇ: ಗೇರ್‌ಬಾಕ್ಸ್ ಕಡೆಯಿಂದ ವೇಗ ಓದುವ ಗಾಡಿಯಲ್ಲಿ ಮೀಟರ್ ಮೊದಲಿಗಿಂತ ಶೇ 5–6ರಷ್ಟು ಕಡಿಮೆ ತೋರಿಸುತ್ತದೆ, ಕ್ಯಾಮೆರಾ ಮಾತ್ರ ಆ ರಿಯಾಯಿತಿ ಕೊಡುವುದಿಲ್ಲ. ಅದನ್ನು ಸರಿಪಡಿಸುವ ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಸಿಗುತ್ತದೆ. ಸ್ಪ್ರಾಕೆಟ್ ಜೊತೆಗೇ ಹಾಕಿಸುವುದು.